ಹೆಸರು ಬದಲಾಗದ ಮನೆ, ಖಾಲಿ ಉಳಿದ ಟ್ರಸ್ಟ್

ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಸನಿವೇಲ್‌ಗಳಂಥ ಊರುಗಳ ವಕೀಲರ ಕಚೇರಿಗಳಲ್ಲಿ ಸಹಿ ಹಾಕುವ ದಿನದ ನೋಟ ಬಹುಮಟ್ಟಿಗೆ ಒಂದೇ ಬಗೆಯದು. ಮೇಜಿನ ಮೇಲೆ ಬಣ್ಣದ ಚೀಟಿಗಳಿಂದ ವಿಂಗಡಿಸಿದ ದಪ್ಪ ಕಡತವೊಂದು ತೆರೆದಿರುತ್ತದೆ. ಗಂಡ ಹೆಂಡತಿ ಇಬ್ಬರೂ ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕುತ್ತ ಹೋಗುತ್ತಾರೆ. ಪಕ್ಕದಲ್ಲಿ ಕುಳಿತ ನೋಟರಿ ಗುರುತಿನ ಚೀಟಿಗಳನ್ನು ಪರಿಶೀಲಿಸಿ ಮೊಹರು ಒತ್ತುತ್ತಾರೆ, ಮನೆಯ ಹಸ್ತಾಂತರ ಪತ್ರದ ಸರದಿ ಬಂದಾಗ ಆ ರಾಜ್ಯದ ಕಾನೂನಿನಂತೆ ತಮ್ಮ ದಾಖಲೆ ಪುಸ್ತಕದಲ್ಲಿ ಸಹಿದಾರರ ಬಲಗೈ ಹೆಬ್ಬೆಟ್ಟಿನ ಗುರುತನ್ನೂ ಪಡೆಯುತ್ತಾರೆ. ಒಂದು ಗಂಟೆಯೊಳಗೆ ಎಲ್ಲವೂ ಮುಗಿದು, ದಂಪತಿ ಆ ಕಡತವನ್ನು ಮನೆಗೆ ಒಯ್ದು ಕಪಾಟಿನಲ್ಲಿಡುತ್ತಾರೆ. ತಮ್ಮ ನಂತರ ಮಕ್ಕಳು ಕೋರ್ಟು ಕಚೇರಿ ಅಲೆಯಬೇಕಾಗಿಲ್ಲ ಎಂಬ ನೆಮ್ಮದಿ ಅವರದು.

ಆ ನೆಮ್ಮದಿಗೆ ಆಧಾರವಿದೆಯೇ ಎಂಬುದು ಕಡತದ ದಪ್ಪವನ್ನು ಅವಲಂಬಿಸಿಲ್ಲ. ಅದರಲ್ಲಿರುವ ಮುಖ್ಯ ದಾಖಲೆಯನ್ನು ರದ್ದುಪಡಿಸಬಹುದಾದ ಲಿವಿಂಗ್ ಟ್ರಸ್ಟ್ ಎನ್ನುತ್ತಾರೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಈ ಮಾತು ಈಗ ಸಾಮಾನ್ಯವಾಗಿದ್ದು, ಊರಿನಲ್ಲಿರುವ ತಂದೆತಾಯಿ, ಅಣ್ಣತಮ್ಮಂದಿರ ಕಿವಿಗೂ ಫೋನಿನ ಮೂಲಕ ಬಿದ್ದಿರುತ್ತದೆ. ಆದರೆ ಅದು ತೆರಿಗೆ ಉಳಿಸುವ ಉಪಾಯವೆಂದು ಕೆಲವರೂ, ಸಾಲ ಕೊಟ್ಟವರಿಂದ ಆಸ್ತಿ ಮರೆಮಾಡುವ ದಾರಿಯೆಂದು ಇನ್ನು ಕೆಲವರೂ, ದೊಡ್ಡ ಶ್ರೀಮಂತರಿಗೆ ಮಾತ್ರ ಬೇಕಾದದ್ದೆಂದು ಮತ್ತೆ ಕೆಲವರೂ ತಿಳಿದಿದ್ದಾರೆ. ಈ ಮೂರೂ ತಪ್ಪು ತಿಳಿವಳಿಕೆಗಳೇ.

ಒಬ್ಬರಿಗೇ ಮೂರು ಪಾತ್ರ

ಯಾವುದೇ ಟ್ರಸ್ಟ್‌ನಲ್ಲಿ ಮೂರು ಸ್ಥಾನಗಳಿರುತ್ತವೆ: ಆಸ್ತಿಯನ್ನು ಕೊಟ್ಟು ಟ್ರಸ್ಟನ್ನು ಹುಟ್ಟುಹಾಕುವ ಸ್ಥಾಪಕ, ಆ ಆಸ್ತಿಯನ್ನು ತನ್ನ ಹೆಸರಿನಲ್ಲಿ ಹಿಡಿದು ನೋಡಿಕೊಳ್ಳುವ ಟ್ರಸ್ಟಿ, ಅದರ ಫಲವನ್ನು ಅನುಭವಿಸುವ ಫಲಾನುಭವಿ. ಧರ್ಮಛತ್ರ, ವಿದ್ಯಾಸಂಸ್ಥೆಗಳ ಟ್ರಸ್ಟ್‌ಗಳನ್ನು ಕಂಡಿರುವ ನಮ್ಮ ಓದುಗರಿಗೆ ಈ ಮೂವರೂ ಬೇರೆ ಬೇರೆ ಜನರೆಂಬುದು ಸಹಜವಾದ ಎಣಿಕೆ. ಲಿವಿಂಗ್ ಟ್ರಸ್ಟ್‌ನ ವಿಶೇಷವೆಂದರೆ ಸ್ಥಾಪಕರು ಬದುಕಿರುವವರೆಗೆ ಮೂರು ಸ್ಥಾನಗಳಲ್ಲೂ ಸಾಮಾನ್ಯವಾಗಿ ಅವರೇ ಇರುತ್ತಾರೆ. ಮನೆಯನ್ನು ಮಾರಬಹುದು, ಅಡವಿಡಬಹುದು, ಷೇರುಗಳನ್ನು ಕೊಳ್ಳಬಹುದು, ಮನಸ್ಸು ಬದಲಾದರೆ ಟ್ರಸ್ಟನ್ನೇ ರದ್ದು ಮಾಡಿ ಎಲ್ಲವನ್ನೂ ಮತ್ತೆ ಸ್ವಂತ ಹೆಸರಿಗೆ ತಂದುಕೊಳ್ಳಬಹುದು. ದಿನನಿತ್ಯದ ಬದುಕಿನಲ್ಲಿ ಏನೂ ಬದಲಾಗುವುದಿಲ್ಲ, ತೆರಿಗೆ ಇಲಾಖೆಗೂ ಆ ಆದಾಯ ಅವರದೇ ಆಗಿ ಕಾಣುತ್ತದೆ, ಪ್ರತ್ಯೇಕ ತೆರಿಗೆ ವಿವರವನ್ನು ಸಲ್ಲಿಸಬೇಕಾಗಿಲ್ಲ.

ಹಾಗಿದ್ದ ಮೇಲೆ ಇದರಿಂದಾದ ಲಾಭವೇನು ಎಂಬ ಪ್ರಶ್ನೆಗೆ ಉತ್ತರ ಟ್ರಸ್ಟ್ ಪತ್ರದಲ್ಲಿ ಹೆಸರಿಸಿರುವ ನಾಲ್ಕನೆಯವರಲ್ಲಿದೆ. ಅವರು ಉತ್ತರಾಧಿಕಾರಿ ಟ್ರಸ್ಟಿ. ಸ್ಥಾಪಕರು ತೀರಿಕೊಂಡ ಕೂಡಲೇ, ಅಥವಾ ವ್ಯವಹಾರ ನೋಡಿಕೊಳ್ಳಲಾರದಷ್ಟು ಅಶಕ್ತರಾದ ಕೂಡಲೇ, ಯಾವ ನ್ಯಾಯಾಧೀಶರ ಆದೇಶಕ್ಕೂ ಕಾಯದೆ ಅವರು ಟ್ರಸ್ಟಿಯ ಸ್ಥಾನಕ್ಕೆ ಬರುತ್ತಾರೆ, ಸ್ಥಾಪಕರು ಬರೆದಿಟ್ಟಂತೆ ಆಸ್ತಿಯನ್ನು ಹಂಚುತ್ತಾರೆ ಅಥವಾ ಕಾಪಾಡುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಆಸ್ತಿಯ ಒಡೆತನ ಸತ್ತವರದಾಗಿರಲಿಲ್ಲ, ಟ್ರಸ್ಟಿಯದಾಗಿತ್ತು. ವ್ಯಕ್ತಿ ಹೋದರೂ ಟ್ರಸ್ಟಿಯ ಸ್ಥಾನ ಉಳಿಯುತ್ತದೆ, ಆದ್ದರಿಂದ ಸತ್ತವರ ಆಸ್ತಿಯನ್ನು ವಾರಸುದಾರರಿಗೆ ವರ್ಗಾಯಿಸಲು ನ್ಯಾಯಾಲಯ ನಡುವೆ ಬರಬೇಕಾದ ಸಂದರ್ಭವೇ ಹುಟ್ಟುವುದಿಲ್ಲ.

ಪುಸ್ತಕವೊಂದು ಎಬ್ಬಿಸಿದ ಗದ್ದಲ

ಟ್ರಸ್ಟ್‌ನ ಬೇರು ಮಧ್ಯಯುಗದ ಇಂಗ್ಲೆಂಡಿನಲ್ಲಿದೆ. ಜಮೀನನ್ನು ಉಯಿಲಿನ ಮೂಲಕ ಬಿಟ್ಟುಹೋಗಲು ಅಲ್ಲಿನ ಸಾಮಾನ್ಯ ಕಾನೂನು ಒಪ್ಪದಿದ್ದ ಕಾಲದಲ್ಲಿ, ಭೂಮಾಲೀಕರು ನಂಬಿಕೆಯ ಸ್ನೇಹಿತರ ಹೆಸರಿಗೆ ಜಮೀನನ್ನು ಮಾಡಿಕೊಟ್ಟು, ಅದನ್ನು ತಮ್ಮ ಹೆಂಡತಿ ಮಕ್ಕಳ ಉಪಯೋಗಕ್ಕಾಗಿ ಹಿಡಿದಿರಬೇಕೆಂದು ಕಟ್ಟುಪಾಡು ಮಾಡುತ್ತಿದ್ದರು. ಇದರಿಂದ ದೊರೆಗೆ ಬರಬೇಕಾದ ಕಾಣಿಕೆಗಳು ತಪ್ಪುತ್ತಿದ್ದುದರಿಂದ ಎಂಟನೆಯ ಹೆನ್ರಿ 1536ರಲ್ಲಿ ಕಾಯ್ದೆಯೊಂದನ್ನು ತಂದು ಈ ಪದ್ಧತಿಯನ್ನು ಮಟ್ಟಹಾಕಲು ನೋಡಿದ. ಜಮೀನುದಾರರ ಅಸಮಾಧಾನ ಎಷ್ಟಿತ್ತೆಂದರೆ ನಾಲ್ಕೇ ವರ್ಷಗಳಲ್ಲಿ, 1540ರಲ್ಲಿ, ಜಮೀನಿಗೂ ಉಯಿಲು ಬರೆಯುವ ಹಕ್ಕನ್ನು ಕೊಡಬೇಕಾಯಿತು. ಆದರೆ ಟ್ರಸ್ಟ್‌ನ ಕಲ್ಪನೆ ಅಳಿಯಲಿಲ್ಲ, ಚಾನ್ಸರಿ ನ್ಯಾಯಾಲಯಗಳ ಆಶ್ರಯದಲ್ಲಿ ಬೆಳೆದು ಅಮೆರಿಕಕ್ಕೂ ಹೋಯಿತು.

ಅಲ್ಲಿ ಹುಟ್ಟಿದ ಪ್ರಶ್ನೆ ಬೇರೆ. ತಾನೇ ಸ್ಥಾಪಕ, ತಾನೇ ಟ್ರಸ್ಟಿ, ಬೇಕೆಂದಾಗ ರದ್ದು ಮಾಡುವ ಹಕ್ಕೂ ತನ್ನದೇ ಆದರೆ ಅದು ಟ್ರಸ್ಟ್ ಹೇಗಾಗುತ್ತದೆ, ಸಾಕ್ಷಿಗಳಿಲ್ಲದ ಉಯಿಲೇ ಅಲ್ಲವೇ ಎಂಬ ಆಕ್ಷೇಪ ಸಹಜವಾಗಿತ್ತು. ಆಲ್ಬರ್ಟ್ ಫರ್ಕಾಸ್ ಎಂಬ ಪಶುವೈದ್ಯರು ಮ್ಯೂಚುವಲ್ ಫಂಡ್ ಷೇರುಗಳನ್ನು ತಾವೇ ಟ್ರಸ್ಟಿಯಾಗಿ ಮತ್ತೊಬ್ಬರಿಗಾಗಿ ಹಿಡಿದಿದ್ದ ಪ್ರಕರಣದಲ್ಲಿ ಇಲಿನಾಯ್ ರಾಜ್ಯದ ಸುಪ್ರೀಂ ಕೋರ್ಟ್ 1955ರಲ್ಲಿ ಇಂಥ ಏರ್ಪಾಡು ಊರ್ಜಿತವೆಂದು ತೀರ್ಪು ಕೊಟ್ಟಿತು. ಫಲಾನುಭವಿಗೆ ಸಿಗುವ ಹಕ್ಕು ಎಷ್ಟೇ ಸಣ್ಣದಾಗಿರಲಿ, ಅದು ಸ್ಥಾಪಕರ ಜೀವಿತಾವಧಿಯಲ್ಲೇ ಹುಟ್ಟುತ್ತದೆ ಎಂಬುದು ಅದರ ತರ್ಕ. ನಿಷ್ಠುರವಾಗಿ ನೋಡಿದರೆ ಇದು ಕೂದಲು ಸೀಳುವ ವಾದವೇ; ಆದರೆ ಇಂದಿನ ಲಿವಿಂಗ್ ಟ್ರಸ್ಟ್‌ಗಳು ಕಾನೂನಿನ ಎದುರು ನಿಂತಿರುವುದು ಅದೇ ಬಗೆಯ ವಾದದ ಬಲದಿಂದ.

ವಕೀಲರ ವಲಯದಲ್ಲಿದ್ದ ಈ ಉಪಾಯವನ್ನು ಸಾಮಾನ್ಯ ಜನರ ಕೈಗೆ ತಲುಪಿಸಿದವರು ವಕೀಲರಲ್ಲ. ಕನೆಕ್ಟಿಕಟ್‌ನ ಹಣಕಾಸು ಸಲಹೆಗಾರ ನಾರ್ಮನ್ ಡೇಸಿ, ಪ್ರೊಬೇಟ್ ಎಂಬ ನ್ಯಾಯಾಲಯದ ಕ್ರಮದಿಂದ ತಪ್ಪಿಸಿಕೊಳ್ಳುವ ಬಗೆಯನ್ನು ವಿವರಿಸಿ, ಹರಿದು ತುಂಬಿಸಬಹುದಾದ ನಮೂನೆಗಳ ಸಮೇತ 1965ರಲ್ಲಿ ಒಂದು ಪುಸ್ತಕವನ್ನು ಹೊರತಂದರು. ಅದು ಭಾರಿ ಪ್ರಮಾಣದಲ್ಲಿ ಮಾರಾಟವಾಯಿತು. ಪರವಾನಗಿಯಿಲ್ಲದೆ ವಕೀಲಿ ನಡೆಸುತ್ತಿದ್ದಾರೆಂದು ನ್ಯೂಯಾರ್ಕಿನ ವಕೀಲರ ಸಂಘವೊಂದು ದಾವೆ ಹೂಡಿ ಮೊದಲಿಗೆ ತಡೆಯಾಜ್ಞೆಯನ್ನೂ ಪಡೆಯಿತಾದರೂ, 1967ರಲ್ಲಿ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯ ಡೇಸಿಯವರ ಪರವಾಗಿ ನಿಂತಿತು. ಅದೇ ವಕೀಲ ಸಮುದಾಯ ಇಂದು ಲಿವಿಂಗ್ ಟ್ರಸ್ಟ್‌ಗಳನ್ನು ಬರೆದುಕೊಟ್ಟು ಶುಲ್ಕ ಪಡೆಯುತ್ತಿದೆ.

ಪೂಜಾರಿ ಕೊಡದ ವರ

ಪ್ರೊಬೇಟ್ ಎಂದರೆ ಸತ್ತವರ ಉಯಿಲು ನಿಜವೆಂದು ನ್ಯಾಯಾಲಯದಲ್ಲಿ ಸಾಬೀತುಪಡಿಸಿ, ಸಾಲಗಳನ್ನು ತೀರಿಸಿ, ಉಳಿದದ್ದನ್ನು ನ್ಯಾಯಾಧೀಶರ ಆದೇಶದ ಮೇರೆಗೆ ಹಂಚುವ ಕ್ರಮ. ಉಯಿಲು ಬರೆದಿಟ್ಟರೆ ಕೋರ್ಟು ತಪ್ಪುತ್ತದೆ ಎಂಬುದು ವ್ಯಾಪಕವಾದ ತಪ್ಪು ಗ್ರಹಿಕೆ. ಅಮೆರಿಕದಲ್ಲಿ ಉಯಿಲು ಕೋರ್ಟಿನ ಬಾಗಿಲಿಗೆ ಕೊಡುವ ಅರ್ಜಿಯೇ ಆಗುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ನಮ್ಮ ಗಾದೆ ಈ ಸ್ಥಿತಿಗೆ ಸರಿಯಾಗಿ ಹೊಂದುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಈ ಪೂಜಾರಿಯ ದಕ್ಷಿಣೆಯನ್ನು ಕಾನೂನೇ ನಿಗದಿ ಮಾಡಿದೆ. ಆಸ್ತಿಯ ಮೊದಲ 1 ಲಕ್ಷ ಡಾಲರ್‌ಗೆ ಶೇ 4, ಮುಂದಿನ 1 ಲಕ್ಷಕ್ಕೆ ಶೇ 3, ಅದರ ಮುಂದಿನ 8 ಲಕ್ಷಕ್ಕೆ ಶೇ 2, ಆಮೇಲಿನ 90 ಲಕ್ಷಕ್ಕೆ ಶೇ 1ರಂತೆ ವಕೀಲರು ಶುಲ್ಕ ಪಡೆಯಬಹುದು. ಅಷ್ಟೇ ಮೊತ್ತವನ್ನು ಉಯಿಲಿನ ನಿರ್ವಾಹಕರೂ ಕೇಳಬಹುದು. ಇದರಲ್ಲಿ ಕಣ್ಣಿಗೆ ಬೀಳದ ಸಂಗತಿಯೆಂದರೆ ಲೆಕ್ಕ ಹಾಕುವುದು ಆಸ್ತಿಯ ಪೂರ್ಣ ಬೆಲೆಯ ಮೇಲೆ, ಸಾಲ ಕಳೆದು ಉಳಿದದ್ದರ ಮೇಲಲ್ಲ. 15 ಲಕ್ಷ ಡಾಲರ್ ಬೆಲೆಯ ಮನೆಯ ಮೇಲೆ ಬ್ಯಾಂಕಿನ ಸಾಲವೇ 9 ಲಕ್ಷವಿದ್ದರೂ ಶುಲ್ಕದ ಲೆಕ್ಕ 15 ಲಕ್ಷಕ್ಕೇ ನಡೆಯುತ್ತದೆ: ವಕೀಲರಿಗೆ 28,000 ಡಾಲರ್, ನಿರ್ವಾಹಕರೂ ಕೇಳಿದರೆ ಒಟ್ಟು 56,000 ಡಾಲರ್. ಫ್ರೀಮಾಂಟ್, ಸನಿವೇಲ್‌ಗಳಿರುವ ಬೇ ಏರಿಯಾದಲ್ಲಿ ಆ ಬೆಲೆಯ ಮನೆ ಅರಮನೆಯೇನೂ ಅಲ್ಲ, ಮಧ್ಯಮ ವರ್ಗದ ಮೂರು ಕೋಣೆಗಳ ಮನೆ.

ಖರ್ಚಿಗಿಂತ ಕೆಲವರನ್ನು ಹೆಚ್ಚು ಕಾಡುವುದು ಕಾಲಹರಣ. ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಸಾಲ ಕೊಟ್ಟವರಿಗೆ ನಾಲ್ಕು ತಿಂಗಳ ಅವಕಾಶ ಬಿಡಬೇಕು, ರಾಜ್ಯ ನೇಮಿಸಿದ ಮೌಲ್ಯಮಾಪಕರಿಂದ ಬೆಲೆ ಕಟ್ಟಿಸಬೇಕು, ಕೊನೆಗೆ ಲೆಕ್ಕಪತ್ರವನ್ನು ಒಪ್ಪಿಸಿ ಆದೇಶ ಪಡೆಯಬೇಕು. ತಕರಾರಿಲ್ಲದ ಪ್ರಕರಣವೂ ಒಂದು ವರ್ಷ ದಾಟುವುದು ಸಾಮಾನ್ಯ. ಜೊತೆಗೆ ಈ ಕಡತ ಸಾರ್ವಜನಿಕ ದಾಖಲೆಯಾದ್ದರಿಂದ ಸತ್ತವರಿಗೆ ಏನಿತ್ತು, ಯಾರಿಗೆ ಎಷ್ಟು ಹೋಯಿತು ಎಂಬುದನ್ನು ಯಾರು ಬೇಕಾದರೂ ಓದಬಹುದು.

ಎಲ್ಲ ಮರಣಗಳಿಗೂ ಈ ಪಾಡು ಇಲ್ಲ. ದಂಪತಿಯಲ್ಲಿ ಒಬ್ಬರು ತೀರಿಕೊಂಡಾಗ ಬದುಕಿರುವವರಿಗೆ ಸರಳವಾದ ದಾರಿಗಳಿವೆ. ನಿಜವಾದ ತೊಡಕು ಬಹುಪಾಲು ಎರಡನೆಯವರ ಮರಣದ ನಂತರದ್ದು. 2025ರ ಏಪ್ರಿಲ್ 1ರಿಂದ ಕ್ಯಾಲಿಫೋರ್ನಿಯಾದಲ್ಲಿ 2,08,850 ಡಾಲರ್‌ವರೆಗಿನ ಚರಾಸ್ತಿಗೆ ಪ್ರಮಾಣಪತ್ರವೊಂದೇ ಸಾಕು, 7,50,000 ಡಾಲರ್ ಮೀರದ ವಾಸದ ಮನೆಗೆ ಸಂಕ್ಷಿಪ್ತ ಅರ್ಜಿ ಸಾಕು. ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ನಿರ್ವಾಹಕರು ಕೋರ್ಟಿನ ಹೆಚ್ಚಿನ ಉಸ್ತುವಾರಿಯಿಲ್ಲದೆ ಕೆಲಸ ಮುಗಿಸಬಹುದಾದ್ದರಿಂದ ಪ್ರೊಬೇಟ್ ಅಷ್ಟು ಭಯಂಕರವಲ್ಲ. ಡಲ್ಲಾಸ್‌ನಲ್ಲಿರುವ ಕುಟುಂಬ ಕ್ಯಾಲಿಫೋರ್ನಿಯಾದ ಬಂಧುಗಳ ಮಾತು ಕೇಳಿ ಹೆದರಬೇಕಾಗಿಲ್ಲ. ಆದರೆ ಎರಡು ರಾಜ್ಯಗಳಲ್ಲಿ ಮನೆಗಳಿದ್ದರೆ ಎರಡು ಕಡೆಯೂ ಪ್ರತ್ಯೇಕ ಪ್ರೊಬೇಟ್ ನಡೆಯಬೇಕಾಗಬಹುದು, ಆಗ ಒಂದೇ ಟ್ರಸ್ಟ್ ಎರಡನ್ನೂ ತಪ್ಪಿಸುತ್ತದೆ.

ಬರೆದರೆ ಸಾಲದು

ಟ್ರಸ್ಟ್‌ನ ಇಡೀ ಬಲ ಆಸ್ತಿ ಅದರೊಳಗೆ ಬಂದಿದೆಯೇ ಎಂಬುದರಲ್ಲಿದೆ, ಮತ್ತು ಬಹುತೇಕ ಕುಟುಂಬಗಳು ಎಡವುವುದೂ ಅಲ್ಲಿಯೇ. ಸಹಿ ಹಾಕಿದ ಟ್ರಸ್ಟ್ ಪತ್ರದಿಂದ ಮನೆ ತಾನಾಗಿ ಟ್ರಸ್ಟ್‌ಗೆ ಸೇರುವುದಿಲ್ಲ. ಇಂಥವರು ಇಂಥ ದಿನಾಂಕದ ಇಂಥ ಕುಟುಂಬ ಟ್ರಸ್ಟ್‌ನ ಟ್ರಸ್ಟಿಗಳಾಗಿ ಈ ಸ್ವತ್ತನ್ನು ಹೊಂದಿದ್ದಾರೆ ಎಂದು ಹೊಸ ಹಸ್ತಾಂತರ ಪತ್ರವನ್ನು ಬರೆದು, ನೋಟರಿಯ ಎದುರು ಸಹಿ ಮಾಡಿ, ನಮ್ಮ ಉಪನೋಂದಣಾಧಿಕಾರಿ ಕಚೇರಿಗೆ ಸಮನಾದ ಕೌಂಟಿ ದಾಖಲೆ ಕಚೇರಿಯಲ್ಲಿ ಅದನ್ನು ದಾಖಲಿಸಬೇಕು. ಬ್ಯಾಂಕ್ ಖಾತೆ, ಷೇರು ದಲ್ಲಾಳಿ ಸಂಸ್ಥೆಯ ಖಾತೆಗಳನ್ನೂ ಒಂದೊಂದಾಗಿ ಟ್ರಸ್ಟಿಯ ಹೆಸರಿಗೆ ಬದಲಾಯಿಸಬೇಕು. ಇದಕ್ಕಾಗಿ ಇಡೀ ಟ್ರಸ್ಟ್ ಪತ್ರವನ್ನು ಬ್ಯಾಂಕಿಗೆ ತೋರಿಸಬೇಕಾಗಿಲ್ಲ, ಯಾರು ಟ್ರಸ್ಟಿ, ಅವರ ಅಧಿಕಾರವೇನು ಎಂಬುದನ್ನಷ್ಟೇ ಹೇಳುವ ಪ್ರಮಾಣೀಕೃತ ಸಾರಾಂಶ ಸಾಕು.

ಮನೆಯನ್ನು ಹೀಗೆ ವರ್ಗಾಯಿಸಿದರೆ ಸಾಲ ಕೊಟ್ಟ ಬ್ಯಾಂಕು ಪೂರ್ತಿ ಹಣವನ್ನು ಒಮ್ಮೆಗೇ ಕೇಳಬಹುದೇ ಎಂಬ ಅಂಜಿಕೆ ಹಲವರಿಗಿದೆ. ಸಾಲಗಾರರೇ ಫಲಾನುಭವಿಯಾಗಿ ಆ ಮನೆಯಲ್ಲೇ ವಾಸವಾಗಿದ್ದರೆ ಹಾಗೆ ಕೇಳಕೂಡದೆಂದು 1982ರ ಗಾರ್ನ್–ಸೇಂಟ್ ಜರ್ಮೇನ್ ಎಂಬ ಕೇಂದ್ರ ಕಾಯ್ದೆ ಹೇಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಈ ವರ್ಗಾವಣೆಯಿಂದ ಆಸ್ತಿ ತೆರಿಗೆಯ ಮರುಮೌಲ್ಯಮಾಪನವೂ ಆಗುವುದಿಲ್ಲ.

ತೊಂದರೆ ಬರುವುದು ಆಮೇಲೆ, ಅದೂ ಅನಿರೀಕ್ಷಿತವಾದ ಕಡೆಯಿಂದ. ಬಡ್ಡಿ ದರ ಇಳಿದಾಗ ಹಳೆಯ ಸಾಲವನ್ನು ತೀರಿಸಿ ಹೊಸ ಸಾಲ ಪಡೆಯುವುದು ಅಮೆರಿಕದಲ್ಲಿ ಸರ್ವೇಸಾಮಾನ್ಯ. ಆ ಹೊತ್ತಿನಲ್ಲಿ ಕೆಲವು ಸಾಲದ ಸಂಸ್ಥೆಗಳು ಮನೆಯನ್ನು ಟ್ರಸ್ಟ್‌ನಿಂದ ಹೊರತೆಗೆದು ವ್ಯಕ್ತಿಗಳ ಹೆಸರಿಗೆ ಮಾಡಿಸಿಕೊಳ್ಳುತ್ತವೆ. ಕಂತೆ ಕಾಗದಗಳ ನಡುವೆ ಹೋದ ಆ ಒಂದು ಹಾಳೆಯ ಮೇಲೂ ದಂಪತಿಯ ಸಹಿ ಬಿದ್ದಿರುತ್ತದೆ. ಸಾಲ ಮಂಜೂರಾದ ಮೇಲೆ ಮನೆಯನ್ನು ಮತ್ತೆ ಟ್ರಸ್ಟ್‌ಗೆ ಸೇರಿಸುವ ಪತ್ರವನ್ನು ಯಾರೂ ಬರೆಸದಿದ್ದರೆ, ಕಪಾಟಿನಲ್ಲಿ ಕಡತ ಭದ್ರವಾಗಿದ್ದರೂ ಟ್ರಸ್ಟ್ ಖಾಲಿಯಾಗಿರುತ್ತದೆ, ಅದು ಗೊತ್ತಾಗುವ ಹೊತ್ತಿಗೆ ಸರಿಪಡಿಸಬೇಕಾದವರು ಇರುವುದಿಲ್ಲ.

ಇಂಥ ಮರೆವಿಗೆಂದೇ ಟ್ರಸ್ಟ್‌ನ ಜೊತೆಗೆ ಒಂದು ಪೂರಕ ಉಯಿಲನ್ನೂ ಬರೆಸುತ್ತಾರೆ. ಹೊರಗುಳಿದದ್ದೆಲ್ಲ ನನ್ನ ಮರಣಾನಂತರ ಟ್ರಸ್ಟ್‌ಗೆ ಸೇರಲಿ ಎನ್ನುವುದು ಅದರ ತಿರುಳು. ಆದರೆ ಅದು ಉಯಿಲೇ ಆದ್ದರಿಂದ ಅದರ ದಾರಿ ಮತ್ತೆ ಪ್ರೊಬೇಟ್‌ನ ಮೂಲಕವೇ. ಗಾಯಕ ಮೈಕೆಲ್ ಜಾಕ್ಸನ್ 2002ರಲ್ಲಿ ಬರೆದ ಉಯಿಲು ಎಲ್ಲವನ್ನೂ ಕುಟುಂಬದ ಟ್ರಸ್ಟ್‌ಗೆ ಬಿಟ್ಟಿತ್ತು. 2009ರಲ್ಲಿ ಅವರು ತೀರಿಕೊಂಡಾಗ ಆ ಉಯಿಲು ಲಾಸ್ ಏಂಜಲೀಸ್‌ನ ನ್ಯಾಯಾಲಯಕ್ಕೆ ಹೋಗಿ, ಅವರ ಆಸ್ತಿಯ ವ್ಯವಹಾರ ಪ್ರೊಬೇಟ್‌ನ ಅಡಿಯಲ್ಲೇ ವರ್ಷಗಟ್ಟಲೆ ನಡೆಯಿತು. ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಕಿಂಡಿಯಿದೆ: ಟ್ರಸ್ಟ್‌ಗೆ ಲಗತ್ತಿಸಿದ ಆಸ್ತಿಪಟ್ಟಿಯಲ್ಲಿ ಸ್ಥಿರಾಸ್ತಿಯ ಹೆಸರಿದ್ದು, ಹಸ್ತಾಂತರ ಪತ್ರ ಮಾತ್ರ ಆಗದಿದ್ದ ಹೆಗ್‌ಸ್ಟಾಡ್ ಎಂಬುವರ ಪ್ರಕರಣದಲ್ಲಿ, ಸ್ಥಾಪಕರೇ ಟ್ರಸ್ಟಿಯಾಗಿದ್ದುದರಿಂದ ಆ ಪಟ್ಟಿಯೇ ಸಾಕೆಂದು 1993ರಲ್ಲಿ ತೀರ್ಪಾಯಿತು. ಇಂದಿಗೂ ಆ ಹೆಸರಿನಿಂದಲೇ ಕರೆಯುವ ಅರ್ಜಿಯನ್ನು ಸಲ್ಲಿಸಿ ಕೆಲವರು ಪಾರಾಗುತ್ತಾರೆ. ಆದರೆ ಅದಕ್ಕೂ ನ್ಯಾಯಾಲಯದ ಮೆಟ್ಟಿಲು ಹತ್ತಲೇಬೇಕು.

ಕೆಲವು ಆಸ್ತಿಗಳನ್ನು ಟ್ರಸ್ಟ್‌ಗೆ ಸೇರಿಸಲೇಬಾರದು. ನೌಕರರ ನಿವೃತ್ತಿ ಖಾತೆಗಳನ್ನು ಟ್ರಸ್ಟ್‌ನ ಹೆಸರಿಗೆ ಮಾಡಿದರೆ ಹಣವನ್ನು ಹಿಂತೆಗೆದಂತೆಂದೇ ತೆರಿಗೆ ಇಲಾಖೆ ಎಣಿಸುತ್ತದೆ. ಅವುಗಳಿಗೂ ಜೀವವಿಮೆಗೂ ಫಲಾನುಭವಿಯ ಹೆಸರನ್ನು ನಮೂದಿಸುವ ಪದ್ಧತಿಯಿದ್ದು, ಹಣ ಹೋಗುವುದು ಆ ನಮೂದಿನಂತೆಯೇ ಹೊರತು ಟ್ರಸ್ಟ್ ಪತ್ರದಲ್ಲಿ ಬರೆದಂತಲ್ಲ. ಮದುವೆಗೆ ಮುಂಚೆ ತಂದೆಯ ಹೆಸರನ್ನು ಬರೆದು ಮರೆತ ವಿಮಾ ಪತ್ರ ಮದುವೆಯ ನಂತರವೂ ತಂದೆಗೇ ಸೇರಬಹುದು.

ಬುದ್ಧಿ ಮಂಕಾದಾಗ

ಲಿವಿಂಗ್ ಟ್ರಸ್ಟ್‌ನ ಬಗ್ಗೆ ಮಾತಾಡುವಾಗ ಮರಣವೇ ಮುಂದೆ ಬರುತ್ತದೆ. ಆದರೆ ಆಯುಷ್ಯ ಹೆಚ್ಚಿದ ಈ ಕಾಲದಲ್ಲಿ ಅದರ ಹೆಚ್ಚಿನ ಉಪಯೋಗ ಮರೆವು, ಪಾರ್ಶ್ವವಾಯುಗಳಿಂದ ಮನುಷ್ಯ ಬದುಕಿದ್ದೂ ವ್ಯವಹಾರ ನಡೆಸಲಾರದ ವರ್ಷಗಳಲ್ಲಿದೆ ಎನ್ನಬಹುದು. ಉಯಿಲು ಈ ಹೊತ್ತಿನಲ್ಲಿ ಏನೂ ಮಾಡಲಾರದು, ಅದು ಜೀವ ಪಡೆಯುವುದು ಬರೆದವರ ಜೀವ ಹೋದ ಮೇಲೆ. ಯಾವ ಏರ್ಪಾಡೂ ಇಲ್ಲದಿದ್ದರೆ ಮಕ್ಕಳು ನ್ಯಾಯಾಲಯಕ್ಕೆ ಹೋಗಿ, ತಂದೆಯೋ ತಾಯಿಯೋ ಅಸಮರ್ಥರೆಂದು ಅವರ ಎದುರೇ ಸಾಬೀತುಪಡಿಸಿ, ಪಾಲಕರ ನೇಮಕ ಮಾಡಿಸಿಕೊಳ್ಳಬೇಕು. ಅದು ಖರ್ಚಿನದೂ ಹೌದು, ಮನಸ್ಸಿಗೆ ನೋವಿನದೂ ಹೌದು.

ಟ್ರಸ್ಟ್‌ನಲ್ಲಿ ಇದಕ್ಕೆ ಪರಿಹಾರವನ್ನು ಮುಂಚೆಯೇ ಬರೆದಿರುತ್ತಾರೆ: ಉದಾಹರಣೆಗೆ, ಇಬ್ಬರು ವೈದ್ಯರು ಬರಹದಲ್ಲಿ ಕೊಟ್ಟ ಅಭಿಪ್ರಾಯ ಸಾಕು, ಉತ್ತರಾಧಿಕಾರಿ ಟ್ರಸ್ಟಿ ಆ ದಿನದಿಂದಲೇ ಮನೆಯ ತೆರಿಗೆ ಕಟ್ಟಬಹುದು, ಆಸ್ಪತ್ರೆಯ ಬಿಲ್ಲು ಪಾವತಿಸಬಹುದು, ಅಗತ್ಯವಿದ್ದರೆ ಮನೆಯನ್ನು ಮಾರಲೂ ಬಹುದು. ಟ್ರಸ್ಟ್‌ಗೆ ಸೇರದ ಖಾತೆಗಳಿಗಾಗಿ ಪ್ರತ್ಯೇಕ ಅಧಿಕಾರಪತ್ರ ಬೇಕು, ಚಿಕಿತ್ಸೆಯ ತೀರ್ಮಾನಗಳಿಗೆ ಇನ್ನೊಂದು. ಸಹಿಯ ದಿನದ ಕಡತ ದಪ್ಪವಾಗುವುದು ಇವೆಲ್ಲ ಸೇರಿದ್ದರಿಂದಲೇ.

ಅಪ್ರಾಪ್ತ ಮಕ್ಕಳಿರುವ ತಂದೆತಾಯಿಗೆ ಮತ್ತೊಂದು ಪ್ರಯೋಜನವಿದೆ. ಟ್ರಸ್ಟ್ ಇಲ್ಲದಿದ್ದರೆ ಮಕ್ಕಳ ಪಾಲಿನ ಹಣ ನ್ಯಾಯಾಲಯದ ಮೇಲ್ವಿಚಾರಣೆಯಲ್ಲಿದ್ದು, ಹದಿನೆಂಟು ತುಂಬಿದ ದಿನ ಪೂರ್ತಿಯಾಗಿ ಅವರ ಕೈಸೇರಬಹುದು. ಟ್ರಸ್ಟ್ ಇದ್ದರೆ ಓದಿನ ಖರ್ಚಿಗೆ ಇಷ್ಟು, ಇಪ್ಪತ್ತೈದಕ್ಕೆ ಇಷ್ಟು, ಮೂವತ್ತಕ್ಕೆ ಉಳಿದದ್ದು ಎಂದು ಹಂತ ಹಂತವಾಗಿ ಕೊಡಬಹುದು. ಆದರೆ ಮಕ್ಕಳನ್ನು ಯಾರು ಸಾಕಬೇಕೆಂಬ ಪೋಷಕರ ನೇಮಕಕ್ಕೆ ಟ್ರಸ್ಟ್ ಸೂಕ್ತ ದಾಖಲೆಯಲ್ಲ, ಅದನ್ನು ಉಯಿಲಿನಲ್ಲಿ ಹೇಳುವುದೇ ರೂಢಿ.

ಟ್ರಸ್ಟ್ ಮಾಡಲಾರದ್ದು

ರದ್ದುಪಡಿಸಬಹುದಾದ ಟ್ರಸ್ಟ್ ಒಂದು ಡಾಲರ್ ತೆರಿಗೆಯನ್ನೂ ತಾನಾಗಿ ಉಳಿಸುವುದಿಲ್ಲ. ಬೇಕೆಂದಾಗ ಹಿಂಪಡೆಯುವ ಹಕ್ಕು ಉಳಿಸಿಕೊಂಡವರ ಆಸ್ತಿ ಅವರದ್ದೇ ಎಂಬುದು ತೆರಿಗೆ ಕಾನೂನಿನ ನೇರವಾದ ನಿಲುವು, ಮರಣಾನಂತರದ ಎಸ್ಟೇಟ್ ತೆರಿಗೆಯ ಲೆಕ್ಕದಲ್ಲೂ ಅದು ಸೇರುತ್ತದೆ. 2026ರಿಂದ ಆ ತೆರಿಗೆಯ ವಿನಾಯಿತಿ ಮಿತಿ ಒಬ್ಬರಿಗೆ 1.5 ಕೋಟಿ ಡಾಲರ್ ಆಗಿರುವುದರಿಂದ ಬಹುತೇಕ ಕುಟುಂಬಗಳಿಗೆ ಅದರ ಚಿಂತೆಯೂ ಇಲ್ಲ. ಹಿಂಪಡೆಯುವ ಹಕ್ಕಿನ ಇದೇ ಕಾರಣಕ್ಕೆ ಸಾಲ ಕೊಟ್ಟವರಿಂದಲೂ ರಕ್ಷಣೆಯಿಲ್ಲ: ಮಾಲೀಕರು ಹಿಂಪಡೆಯಬಹುದಾದದ್ದನ್ನು ಅವರಿಗೆ ಸಾಲ ಕೊಟ್ಟವರೂ ಪಡೆಯಬಹುದು. ಈ ಎರಡರ ಆಸೆ ತೋರಿಸಿ, ಹೋಟೆಲಿನ ಸಭಾಂಗಣದಲ್ಲಿ ಹಿರಿಯರಿಗೆ ಊಟ ಹಾಕಿ, ಎಲ್ಲರಿಗೂ ಒಂದೇ ಅಚ್ಚಿನ ಟ್ರಸ್ಟ್‌ಗಳನ್ನೂ ಅದರ ಜೊತೆಗೆ ದುಬಾರಿ ವಿಮಾ ಯೋಜನೆಗಳನ್ನೂ ಮಾರುವ ದಂಧೆ ಅಲ್ಲಿ ದಶಕಗಳಿಂದ ನಡೆದಿದೆ. ಓದಿದವರೂ ಅದಕ್ಕೆ ಬಲಿಯಾಗುತ್ತಾರೆ.

ಭಾರತೀಯ ಕುಟುಂಬಗಳು ಗಮನಿಸಬೇಕಾದ ಮಾತು ಬೇರೆಯಿದೆ. ಗಂಡ ಹೆಂಡತಿ ಒಬ್ಬರಿಗೊಬ್ಬರು ಬಿಡುವ ಆಸ್ತಿಗೆ ಎಸ್ಟೇಟ್ ತೆರಿಗೆಯಲ್ಲಿ ಮಿತಿಯಿಲ್ಲದ ವಿನಾಯಿತಿ ಇರುವುದು ಪಡೆಯುವವರು ಅಮೆರಿಕದ ಪ್ರಜೆಯಾಗಿದ್ದರೆ ಮಾತ್ರ. ಗ್ರೀನ್ ಕಾರ್ಡ್ ಇದ್ದರೂ ಭಾರತೀಯ ಪ್ರಜೆಯಾಗಿ ಉಳಿದವರಿಗೆ ಅದು ಸಿಗಬೇಕಾದರೆ ವಿಶೇಷ ಬಗೆಯ ಟ್ರಸ್ಟ್ ಬೇಕಾಗುತ್ತದೆ. ಅಮೆರಿಕದಲ್ಲಿ ನೆಲೆಸಿದವರೆಂದು ಪರಿಗಣಿತರಾದವರ ಲೆಕ್ಕದಲ್ಲಿ ಬೆಂಗಳೂರಿನ ಸೈಟು, ಮೈಸೂರಿನ ಮನೆಯೂ ಸೇರುತ್ತವೆ. ಭಾರತದಲ್ಲಿ ಎಸ್ಟೇಟ್ ಸುಂಕ 1985ರಲ್ಲೇ ರದ್ದಾದ್ದರಿಂದ ಈ ಲೆಕ್ಕ ಊರಿನವರಿಗೆ ಹೊಸದಾಗಿ ಕಾಣುವುದು ಸಹಜ.

ಬದಲಿಸುವುದು ಸುಲಭವೆಂಬುದೇ ಈ ಟ್ರಸ್ಟ್‌ನ ಗುಣ, ಜಗಳಕ್ಕೆ ಎಡೆಯಾಗುವುದೂ ಅಲ್ಲಿಯೇ. ಎಲ್ವಿಸ್ ಪ್ರೀಸ್ಲಿಯ ಮಗಳು ಲೀಸಾ ಮೇರಿ 2023ರ ಜನವರಿಯಲ್ಲಿ ತೀರಿಕೊಂಡಾಗ, ಸಹ ಟ್ರಸ್ಟಿಯಾಗಿದ್ದ ತಾಯಿ ಪ್ರಿಸಿಲಾರನ್ನು ತೆಗೆದು ಮಕ್ಕಳನ್ನು ಆ ಸ್ಥಾನಕ್ಕೆ ಹೆಸರಿಸಿದ 2016ರ ತಿದ್ದುಪಡಿಯೊಂದು ಹೊರಬಂದಿತು. ಟ್ರಸ್ಟ್‌ನ ನಿಯಮದಂತೆ ಅದರ ಪ್ರತಿ ತನಗೆ ತಲುಪಿಲ್ಲ, ಅದರಲ್ಲಿ ತನ್ನ ಹೆಸರಿನ ಕಾಗುಣಿತವೇ ತಪ್ಪಿದೆ, ನೋಟರಿಯ ಮೊಹರೂ ಇಲ್ಲ ಎಂದು ತಾಯಿ ಲಾಸ್ ಏಂಜಲೀಸ್‌ನ ನ್ಯಾಯಾಲಯಕ್ಕೆ ಹೋದರು. ಅದೇ ವರ್ಷ ರಾಜಿಯಾಗಿ ಮೊಮ್ಮಗಳು ರೈಲಿ ಕಿಯೋ ಟ್ರಸ್ಟಿಯಾದರೂ, ಕೋರ್ಟಿನ ಹೊರಗೆ ಮುಗಿಯಲೆಂದು ಮಾಡಿದ ಏರ್ಪಾಡು ಪತ್ರಿಕೆಗಳ ಮುಖಪುಟಕ್ಕೆ ಬಂದಾಗಿತ್ತು.

ಬೆಂಗಳೂರಿನ ಸೈಟಿನ ಪಾಡು

ಅಮೆರಿಕದ ಟ್ರಸ್ಟ್ ಪತ್ರದ ಆಸ್ತಿಪಟ್ಟಿಯಲ್ಲಿ ಜಯನಗರದ ಮನೆಯ ವಿಳಾಸವನ್ನೂ ಸೇರಿಸಿ ನಿಶ್ಚಿಂತರಾದವರಿದ್ದಾರೆ. ಆ ಸಾಲಿನಿಂದ ಜಯನಗರದಲ್ಲಿ ಏನೂ ಆಗುವುದಿಲ್ಲ. ಸ್ಥಿರಾಸ್ತಿಗೆ ಅದು ಇರುವ ನೆಲದ ಕಾನೂನೇ ಅನ್ವಯಿಸುತ್ತದೆ. 1882ರ ಭಾರತೀಯ ಟ್ರಸ್ಟ್‌ಗಳ ಕಾಯ್ದೆಯ ಪ್ರಕಾರ ಸ್ಥಿರಾಸ್ತಿಯ ಮೇಲೆ ಖಾಸಗಿ ಟ್ರಸ್ಟ್ ಹುಟ್ಟಬೇಕಾದರೆ ಉಯಿಲಿನ ಮೂಲಕ, ಇಲ್ಲವೇ ಸಹಿಯಾಗಿ ನೋಂದಣಿಗೊಂಡ ಪತ್ರದ ಮೂಲಕವೇ ಆಗಬೇಕು. ಅಂದರೆ ಮುದ್ರಾಂಕ ಶುಲ್ಕ ತೆತ್ತು ಉಪನೋಂದಣಾಧಿಕಾರಿಯ ಮುಂದೆ ಹಾಜರಾಗಬೇಕು.

ಅಷ್ಟು ಮಾಡುವ ಅಗತ್ಯ ಕರ್ನಾಟಕದಲ್ಲಿ ಬಹುಪಾಲು ಕುಟುಂಬಗಳಿಗೆ ಇಲ್ಲ. ಇಲ್ಲಿ ಹಿಂದೂಗಳ ಉಯಿಲಿಗೆ ಪ್ರೊಬೇಟ್ ಕಡ್ಡಾಯವಲ್ಲ. ತಕರಾರಿಲ್ಲದಿದ್ದರೆ ಉಯಿಲು ಮತ್ತು ಮರಣ ಪ್ರಮಾಣಪತ್ರದ ಆಧಾರದ ಮೇಲೆ ಖಾತೆ ಬದಲಾವಣೆಗೆ ಅರ್ಜಿ ಹಾಕಬಹುದು, ಉಯಿಲೇ ಇಲ್ಲದಿದ್ದರೆ ಹಳ್ಳಿಯ ಜಮೀನಿಗೆ ವಂಶವೃಕ್ಷದೊಡನೆ ಪೌತಿ ಖಾತೆಯ ದಾರಿಯಿದೆ. ಅಮೆರಿಕದಲ್ಲಿ ಯಾವ ಕಷ್ಟವನ್ನು ತಪ್ಪಿಸಲು ಲಿವಿಂಗ್ ಟ್ರಸ್ಟ್ ಬೆಳೆಯಿತೋ ಆ ಕಷ್ಟ ಇಲ್ಲಿ ಆ ರೂಪದಲ್ಲಿಲ್ಲ. ನಮ್ಮ ಕಾಯ್ದೆಯೂ ಪತ್ರದಲ್ಲಿ ಸ್ಪಷ್ಟವಾಗಿ ಉಳಿಸಿಕೊಂಡಿದ್ದರೆ ಟ್ರಸ್ಟನ್ನು ರದ್ದುಪಡಿಸುವ ಹಕ್ಕನ್ನು ಕೊಡುತ್ತದೆ, ಆದಾಯ ತೆರಿಗೆಯ ಲೆಕ್ಕದಲ್ಲಿ ಅಂಥ ಟ್ರಸ್ಟ್‌ನ ಆದಾಯ ಸ್ಥಾಪಕರದ್ದೇ ಆಗುತ್ತದೆ; ಆದರೂ ಜೀವನಪರ್ಯಂತ ಆರೈಕೆ ಬೇಕಾದ ಮಗುವಿರುವಂಥ ಮನೆಗಳನ್ನು ಬಿಟ್ಟರೆ ಉಳಿದವರಿಗೆ ನೋಂದಾಯಿಸಿದ ಉಯಿಲೇ ಸರಳ, ಅಗ್ಗ. ಪಿತ್ರಾರ್ಜಿತ ಅವಿಭಕ್ತ ಆಸ್ತಿಯ ವಿಷಯ ಇನ್ನೂ ಬಿಗಿಯಾದದ್ದು, ವಿಭಾಗವಾಗುವ ಮೊದಲೇ ಅದನ್ನು ಟ್ರಸ್ಟ್‌ಗೆ ಸೇರಿಸಲು ಹೊರಡುವುದು ವ್ಯಾಜ್ಯವನ್ನು ಕೈಬೀಸಿ ಕರೆದಂತೆ.

ಹೀಗಾಗಿ ಎರಡೂ ದೇಶಗಳಲ್ಲಿ ಆಸ್ತಿಯಿರುವ ಕನ್ನಡಿಗರಿಗೆ ವಿವೇಕದ ದಾರಿಯೆಂದರೆ ಅಲ್ಲಿಯದಕ್ಕೆ ಅಲ್ಲಿಯ ಟ್ರಸ್ಟ್, ಇಲ್ಲಿಯದಕ್ಕೆ ಇಲ್ಲಿಯ ಉಯಿಲು. ಇದರಲ್ಲೂ ಎರಡು ಅಪಾಯಗಳಿವೆ. ಬೆಂಗಳೂರಿನಲ್ಲಿ ಬರೆಸುವ ಉಯಿಲುಗಳಲ್ಲಿ, ಇದಕ್ಕೆ ಹಿಂದೆ ಬರೆದ ಎಲ್ಲ ಉಯಿಲುಗಳನ್ನೂ ರದ್ದುಪಡಿಸಿದ್ದೇನೆ ಎಂಬ ಸಾಲು ರೂಢಿಯಂತೆ ಬಂದುಬಿಡುತ್ತದೆ. ಅದನ್ನು ಭಾರತದ ಆಸ್ತಿಗೆ ಸೀಮಿತಗೊಳಿಸದಿದ್ದರೆ ಅಮೆರಿಕದ ಪೂರಕ ಉಯಿಲು, ಅದರಲ್ಲಿರುವ ಮಕ್ಕಳ ಪೋಷಕರ ನೇಮಕದ ಸಮೇತ, ಬಿದ್ದುಹೋಗಬಹುದು. ಎರಡನೆಯದು, ನಂಬಿಕೆಯವನೆಂದು ಬೆಂಗಳೂರಿನಲ್ಲಿರುವ ತಮ್ಮನನ್ನೇ ಉತ್ತರಾಧಿಕಾರಿ ಟ್ರಸ್ಟಿಯಾಗಿ ಹೆಸರಿಸುವುದು. ಮುಖ್ಯ ತೀರ್ಮಾನಗಳು ಅಮೆರಿಕದ ತೆರಿಗೆ ನಿಯಮದ ಪ್ರಕಾರ ಅಲ್ಲಿಯವರಲ್ಲದವರ ಕೈಗೆ ಹೋದರೆ ಆ ಟ್ರಸ್ಟ್ ವಿದೇಶಿ ಟ್ರಸ್ಟ್ ಎನಿಸಿಕೊಳ್ಳುತ್ತದೆ. ಆಗ ಫಲಾನುಭವಿಗಳ ತಲೆಯ ಮೇಲೆ ವರದಿಗಳ ಹೊರೆಯೂ, ತಪ್ಪಿದರೆ ದೊಡ್ಡ ದಂಡವೂ ಬೀಳುತ್ತವೆ.

ಟ್ರಸ್ಟ್ ಈಗಾಗಲೇ ಆಗಿದೆ ಎನ್ನುವವರು ಕಡತವನ್ನು ತೆರೆಯುವ ಮೊದಲು ಕೌಂಟಿ ದಾಖಲೆ ಕಚೇರಿಯಿಂದ ಮನೆಯ ಇತ್ತೀಚಿನ ಹಸ್ತಾಂತರ ಪತ್ರದ ಪ್ರತಿಯೊಂದನ್ನು ತರಿಸಿಕೊಂಡು, ಅದರಲ್ಲಿ ಟ್ರಸ್ಟಿ ಎಂಬ ಮಾತು ಇದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಸಾಲವನ್ನು ಬದಲಾಯಿಸಿಕೊಂಡವರಂತೂ ಅದನ್ನು ಈ ವಾರವೇ ಮಾಡಬೇಕು.